ಹವಾಲ್ದಾರರಿಗೆ ಗೇಟಿನ ಸ್ಟೂಲೇ ಗತಿಯೇ?

ಬಿಡದಿಯ ಕಾರ್ಖಾನೆ ಗೇಟಿನಲ್ಲೋ ಕನಕಪುರದ ಬ್ಯಾಂಕಿನ ಬಾಗಿಲಲ್ಲೋ ಹುರಿಮೀಸೆಯವರೊಬ್ಬರು ಸ್ಟೂಲ್ ಹಾಕಿಕೊಂಡು ಕೂತಿದ್ದರೆ, 'ಏನ್ ಸ್ವಾಮಿ, ಮಿಲಿಟ್ರೀಲಿದ್ರಾ?' ಎಂದು ಕೇಳಿ ನೋಡಿ. 'ಹವಾಲ್ದಾರ್ ಆಗಿ ರಿಟೈರಾದೆ' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಬಂದವರ ಹೆಸರು ಬರೆದುಕೊಳ್ಳುವುದು, ಗೇಟು ಎತ್ತುವುದು. ಅಷ್ಟೇ ಈಗಿನ ಕೆಲಸ.

ಜನಕ್ಕೆ ಮೇಜರ್, ಕರ್ನಲ್ ಗೊತ್ತು. ಆದರೆ ಕಾಲ್ದಳದಲ್ಲಿ ಹತ್ತು ಜನರ ಸೆಕ್ಷನ್ ನಡೆಸುವವನು ಮೂರು ಪಟ್ಟಿಯ ಹವಾಲ್ದಾರ್, ಇಲ್ಲವೇ ಎರಡು ಪಟ್ಟಿಯ ನಾಯಕ್. ರಾತ್ರಿ ಪಹರೆಗೆ ಯಾರು, ಯಾರಿಗೆ ಊರಿಂದ ಕೆಟ್ಟ ಸುದ್ದಿ ಬಂದಿದೆ, ಯಾರ ಕಾಲಿಗೆ ಬೂಟು ಕಚ್ಚಿದೆ, ಎಲ್ಲಾ ಅವನಿಗೆ ತಿಳಿದಿರಬೇಕು. ಆ ಪಟ್ಟಿ ಪುಕ್ಕಟೆ ಬರುವುದಲ್ಲ. ವರ್ಷಗಟ್ಟಲೆ ಸರ್ವೀಸು, ಬಡ್ತಿ ಕೇಡರ್, ಪರೀಕ್ಷೆ ಎಲ್ಲ ದಾಟಬೇಕು. ಇಂಥವರನ್ನು ಪಳಗಿಸಲು ಬೆಳಗಾವಿಯಲ್ಲಿ ಸೇನೆಯ ಜೂನಿಯರ್ ಲೀಡರ್ಸ್ ವಿಂಗ್ ಇದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದು, ಕೊನೆಗೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ಲ್ಯಾನ್ಸ್ ನಾಯಕ್. ನಾಡೆಲ್ಲ ಅತ್ತಿತು. ಲ್ಯಾನ್ಸ್ ನಾಯಕ್ ಅಂದರೇನು ಎಂದು ಕೇಳಿದವರು ಎಷ್ಟು ಮಂದಿ?

ಈಗ ಹೊಸ ಪಜೀತಿ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರಿಗೆ ನಾಲ್ಕೇ ವರ್ಷ. ಆಮೇಲೆ ಸೇನೆಯಲ್ಲೇ ಉಳಿಸಿಕೊಳ್ಳುವುದು ಶೇ. 25ರವರೆಗೆ ಎಂದು ಯೋಜನೆ ಪ್ರಕಟಿಸಿದಾಗ ಸರ್ಕಾರವೇ ಹೇಳಿತ್ತು. ಮಿಕ್ಕವರು ತೋಳಿಗೆ ಪಟ್ಟಿ ಬೀಳುವ ಮುಂಚೆಯೇ ಮಾಗಡಿಗೋ ಚನ್ನಪಟ್ಟಣಕ್ಕೋ ವಾಪಸ್. ಅವರಿಗೆ ಡ್ರಿಲ್ ಬರುತ್ತೆ, ಬಂದೂಕು ಬರುತ್ತೆ, ಹೇಳಿದ್ದು ಮಾಡೋಕೂ ಬರುತ್ತೆ. ಹತ್ತು ಜನರ ಹೊಣೆ ಹೊತ್ತು ಗೊತ್ತಿಲ್ಲ. ಅದನ್ನು ಹೇಳಿಕೊಡಬಲ್ಲವರು ಗೇಟಿನಲ್ಲಿ ಕೂತಿದ್ದಾರೆ!

2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಡಾವಣೆಗಳಿಗೆ ನೀರು ನುಗ್ಗಿ, ಮೈಸೂರು ಹೆದ್ದಾರಿಯೇ ಹೊಳೆಯಾಗಿತ್ತು. ಅಂಥ ಹೊತ್ತಿನಲ್ಲಿ ದೋಣಿ, ಹಗ್ಗ ಇದ್ದರೆ ಸಾಲದು. 'ನೀನು ಆ ಕಡೆ, ನೀನು ಈ ಕಡೆ' ಎಂದು ಗದರಿ ಕೆಲಸಕ್ಕೆ ಹಚ್ಚುವ ಗಂಟಲೊಂದು ಬೇಕು.

2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೋರಿದ ಆಸ್ಥೆಯಲ್ಲಿ ಕಾಲುಭಾಗ ತೋರಿದರೂ ಸಾಕು. ತಾಲ್ಲೂಕುವಾರು ನಿವೃತ್ತ ಹವಾಲ್ದಾರ್, ನಾಯಕರ ಪಟ್ಟಿ ಮಾಡಿ, ವಾಪಸಾಗುವ ಅಗ್ನಿವೀರರನ್ನು ಅವರ ಕೈಕೆಳಗೆ ಹತ್ತತ್ತು ಜನರಂತೆ ಒಪ್ಪಿಸಬಹುದು. ಚನ್ನಪಟ್ಟಣದ ಪೊಲೀಸ್ ತರಬೇತಿ ಶಾಲೆಯನ್ನೇ ಇದಕ್ಕೆ ಕೇಳಬಹುದು. ದಿನಭತ್ಯೆ ಮಾತ್ರ ಮರೆಯಬಾರದು, ಬರೀ ಶಾಲು ಹೊದಿಸಿ ಕಳಿಸಿದರೆ ಅವರು ಮಾರನೇ ದಿನವೇ ಗೇಟಿಗೆ ವಾಪಸ್ ಹೋಗುತ್ತಾರೆ. ಈ ಮಳೆಗಾಲಕ್ಕೆ ಮುಂಚೆ ಜಿಲ್ಲಾಧಿಕಾರಿಗಳು ಒಂದು ಸಭೆಯನ್ನಾದರೂ ಕರೆಯುವರೇ?