ಹಾಲಿನ ಪಾಠ ಮತ್ತು ಕೊಟ್ಟಿಗೆಯ ಲೆಕ್ಕ

ಶಾಲ್ಮಲೆಯ ದಡದ ಸೋಂದಾ ಪರಿಸರವನ್ನು ನಡುವಿರಿಸಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹಬ್ಬಿರುವ ಸ್ವರ್ಣವಲ್ಲಿ ಸೀಮೆಯು ಅಡಿಕೆ ತೋಟಗಳಿಗೆ ಹೆಸರಾದಷ್ಟು ಹೈನಿಗೆ ಎಂದೂ ಹೆಸರಾಗಲಿಲ್ಲ. ಮನೆಗೊಂದು ಕೊಟ್ಟಿಗೆ, ಕೊಟ್ಟಿಗೆಯ ತುಂಬ ದನಗಳು ಇದ್ದ ನಾಡು ಇದು. ಆದರೂ ಇಂದು ಈ ಸೀಮೆಯ ಅನೇಕ ಮನೆಗಳಲ್ಲಿ ಬೆಳಗಿನ ಚಹಕ್ಕೆ ಬೇಕಾಗುವ ಹಾಲು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಪೇಟೆಯಿಂದ ಬರುತ್ತದೆ. ಈ ವೈಚಿತ್ರ್ಯವನ್ನು ಕಂಡು ಹಲವರು ಮರುಗುತ್ತಾರೆ. ಜನರಲ್ಲಿ ತಿಳಿವಳಿಕೆ ಮೂಡಿಸಬೇಕೆಂದು ಸಭೆಗಳಲ್ಲಿ ಕರೆ ಕೊಡುತ್ತಾರೆ. ಮೂಡಿಸಬೇಕಾದ ತಿಳಿವಳಿಕೆ ಯಾವುದೆಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ.

ಈ ಸೀಮೆಯಲ್ಲಿ ದನವನ್ನು ಸಾಕಿದ್ದು ಮುಖ್ಯವಾಗಿ ಹಾಲಿಗಾಗಿ ಅಲ್ಲ, ಗೊಬ್ಬರಕ್ಕಾಗಿ. ಘಟ್ಟದ ಮೇಲಿನ ಅಡಿಕೆ ಬೆಳೆಗಾರನಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆತಿರುವುದು ಈ ಜಿಲ್ಲೆಯ ವೈಶಿಷ್ಟ್ಯ. ಬೆಟ್ಟದಿಂದ ಕಡಿದು ತಂದ ಹಸಿ ಸೊಪ್ಪನ್ನೂ ಬೇಸಗೆಯಲ್ಲಿ ಗುಡಿಸಿ ಒಟ್ಟಿದ ದರಕನ್ನೂ ದನಗಳ ಕಾಲಡಿಯಲ್ಲಿ ಹಾಸುವುದು, ಸಗಣಿ ಗಂಜಳಗಳೊಡನೆ ಅದು ತುಳಿತಕ್ಕೆ ಸಿಕ್ಕಿ ಬೆರೆತ ಮೇಲೆ ಗುಂಡಿಗೆ ಹಾಕಿ ಕೊಳೆಸುವುದು, ಕಳಿತ ಗೊಬ್ಬರವನ್ನು ಅಡಿಕೆಯ ಬುಡಕ್ಕೆ ಹೊರುವುದು: ಇದು ತಲೆತಲಾಂತರದ ಕ್ರಮ. 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿಗಳ ಮೂಲಕ ಸಾಗಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ತೋಟಗಾರಿಕೆಯ ಕ್ರಮವನ್ನು ವಿವರವಾಗಿ ಬರೆದಿರಿಸಿದ್ದಾನೆ. ಬೆಟ್ಟ, ಕೊಟ್ಟಿಗೆ, ತೋಟ ಎಂಬ ಮೂರು ಒಂದೇ ಸರಪಣಿಯ ಕೊಂಡಿಗಳು. ಹಾಲು ಆ ಸರಪಣಿಯಿಂದ ತೊಟ್ಟಿಕ್ಕಿದ ಉಪಫಲ.

ಆ ವ್ಯವಸ್ಥೆಗೆ ತಕ್ಕ ದನವೆಂದರೆ ಮಲೆನಾಡು ಗಿಡ್ಡ. ಸುಮಾರು ನೂರು ಕಿಲೋ ತೂಕದ, ಆಳೆತ್ತರಕ್ಕೆ ಎಷ್ಟೋ ಕೆಳಗಿನ ಈ ಪುಟ್ಟ ಹಸು ಜಡಿಮಳೆಯಲ್ಲಿ ಮೇಯಬಲ್ಲದು, ಇಳಿಜಾರು ಹತ್ತಬಲ್ಲದು, ಒರಟು ಹುಲ್ಲಿನಲ್ಲಿಯೂ ಬದುಕಬಲ್ಲದು. ದಿನಕ್ಕೆ ಒಂದೆರಡು ಲೀಟರು ಹಾಲು ಕೊಟ್ಟರೆ ಅದೇ ಹೆಚ್ಚು. ಆ ಹಾಲು ಮನೆಯ ಮಕ್ಕಳಿಗೆ, ಮೊಸರಿಗೆ, ಮಜ್ಜಿಗೆಗೆ, ಮಧ್ಯಾಹ್ನದ ತಂಬುಳಿಗೆ, ಹಬ್ಬದ ತುಪ್ಪಕ್ಕೆ ಸಾಲುತ್ತಿತ್ತು. ಮಾರುವ ಮಾತೇ ಇರಲಿಲ್ಲ. ಹೊರಗಿನಿಂದ ಬಂದ ತಜ್ಞರು ಹತ್ತು ಗಿಡ್ಡಗಳ ಬದಲು ಎರಡು ಒಳ್ಳೆಯ ಹಸುಗಳನ್ನು ಕಟ್ಟಬಾರದೇಕೆ ಎಂದು ಕೇಳಿದಾಗ ಹಿರಿಯರು ನಕ್ಕು ಸುಮ್ಮನಾಗಿದ್ದರೆ ಅದಕ್ಕೆ ಅಜ್ಞಾನ ಕಾರಣವಲ್ಲ. ಅವರು ಎಣಿಸುತ್ತಿದ್ದುದು ಸಗಣಿಯ ಹೆಡಿಗೆಗಳನ್ನು. ತಜ್ಞರು ಎಣಿಸುತ್ತಿದ್ದುದು ಹಾಲಿನ ಲೀಟರುಗಳನ್ನು.

ಅತ್ತ ದೇಶದಲ್ಲಿ ಹಾಲಿನ ಚರಿತ್ರೆ ಬೇರೆ ದಿಕ್ಕಿನಲ್ಲಿ ಸಾಗಿತ್ತು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಕಟ್ಟಿದ ಸಹಕಾರಿ ಒಕ್ಕೂಟ ಆನಂದದ ಮಾದರಿಯಾಗಿ ಬೆಳೆಯಿತು. ಕನ್ನಡ ನಾಡಿನಲ್ಲಿ ಮೊದಲ ಸಹಕಾರಿ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಹುಟ್ಟಿತು. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಉತ್ತರ ಕನ್ನಡವು ಧಾರವಾಡ ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿತು. ಈ ಚಳವಳಿಯಲ್ಲಿ ಲೋಕಶಿಕ್ಷಣದ ಪಾತ್ರ ಎಷ್ಟಿತ್ತೆಂಬುದಕ್ಕೆ 1976ರ ‘ಮಂಥನ್’ ಚಲನಚಿತ್ರವೇ ಸಾಕ್ಷಿ. ಗುಜರಾತಿನ ಐದು ಲಕ್ಷ ರೈತರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟ ಹಣದಿಂದ ತಯಾರಾದ ಆ ಚಿತ್ರದಲ್ಲಿ ಹಳ್ಳಿಗೆ ಬಂದು ಸಂಘ ಕಟ್ಟುವ ಪಶುವೈದ್ಯನ ಪಾತ್ರ ವಹಿಸಿದವರು ಗಿರೀಶ ಕಾರ್ನಾಡರು. ಕಾರ್ನಾಡರ ಬಾಲ್ಯ ಕಳೆದದ್ದು ಇದೇ ಶಿರಸಿಯಲ್ಲಿ ಎಂಬುದನ್ನು ಇಲ್ಲಿಯವರು ಅಭಿಮಾನದಿಂದ ನೆನೆಯುತ್ತಾರೆ. ಆದರೆ ಆ ಚಿತ್ರದ ಹಳ್ಳಿ ಶಿರಸಿಯ ಹಳ್ಳಿಯಂತೆ ಇರಲಿಲ್ಲ.

ವ್ಯತ್ಯಾಸ ಇರುವುದು ಮನೆಗಳ ನಡುವಣ ಅಂತರದಲ್ಲಿ. ಬಯಲುಸೀಮೆಯ ಊರಿನಲ್ಲಿ ಒಂದು ಓಣಿಯ ಎರಡು ಬದಿಗೆ ನೂರು ಮನೆಗಳಿರುತ್ತವೆ. ಹಾಲಿನ ಸಂಘ ಆ ಓಣಿಯ ತುದಿಯಲ್ಲಿರುತ್ತದೆ. ಸ್ವರ್ಣವಲ್ಲಿ ಸೀಮೆಯಲ್ಲಿ ಊರೆಂದರೆ ಕಣಿವೆಯ ಉದ್ದಕ್ಕೂ ಚೆದರಿದ ಹತ್ತಾರು ಮನೆಗಳು. ಎರಡು ಲೀಟರು ಹಾಲನ್ನು ಕೈಯಲ್ಲಿ ಹಿಡಿದು, ಸಂಕ ದಾಟಿ, ಆಷಾಢದ ಮಳೆಯಲ್ಲಿ ಒಂದೆರಡು ಕಿಲೋಮೀಟರು ನಡೆದು ಡೇರಿಗೆ ಹಾಕಿ ಬರುವುದಕ್ಕೆ ತಗಲುವ ಹೊತ್ತಿಗೆ ಬೆಲೆ ಕಟ್ಟಿದವರು ಯಾರೂ ಇಲ್ಲ. ಕರೆದ ಹಾಲು ಬೆಚ್ಚಗಿದ್ದಷ್ಟು ಕಾಲವೂ ಸೂಕ್ಷ್ಮಜೀವಿಗಳಿಗೆ ಅದು ಸುಗ್ಗಿ. ಅರ್ಧ ಗಂಟೆಗೊಮ್ಮೆ ಅವು ಇಮ್ಮಡಿಯಾದರೆ ನಾಲ್ಕು ಗಂಟೆಯಲ್ಲಿ ಒಂದು 256 ಆಗುತ್ತದೆ. ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಬೇಕೆಂಬ ನಿಯಮದ ಹಿಂದಿರುವ ಗಣಿತ ಇದೇ. ಹಾಲು ಒಡೆದು ಹಿಂದಿರುಗಿದ ದಿನ ಮನೆಯೊಡತಿ ತನ್ನ ಪಾತ್ರೆಯ ಶುಚಿಯನ್ನೇ ಶಂಕಿಸುತ್ತಾಳೆ. ದೋಷ ಬಹಳ ಸಲ ದಾರಿಯ ದೂರದ್ದು.

ಈ ನಡುವೆ ಕೊಟ್ಟಿಗೆಗಳು ಬರಿದಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಸೊಪ್ಪು ಕಡಿಯುವ ಆಳು ಸಿಕ್ಕುವುದಿಲ್ಲ, ದನ ಕಾಯುವ ಹುಡುಗ ಶಾಲೆಗೆ ಹೋಗುತ್ತಾನೆ. ಆತ ಹೋಗುವುದು ಸರಿಯೇ ಆಗಿದೆ. ಕೊನೆಯ ಹಸುವನ್ನು ಕೊಟ್ಟ ಮೇಲೆ ತೋಟಕ್ಕೆ ಬೇಕಾದ ಗೊಬ್ಬರ ಮೂಡಣ ಬಯಲು ಸೀಮೆಯಿಂದ ಲಾರಿಯಲ್ಲಿ ಬರತೊಡಗುತ್ತದೆ, ಇಲ್ಲವೆ ಚೀಲದಲ್ಲಿ ಬರುತ್ತದೆ. ಹಸು ಸಾಕುವುದು ನಷ್ಟವೆಂದು ತೀರ್ಮಾನಿಸಿದ ಅದೇ ಯಜಮಾನರು ಲಾರಿಯ ಬಾಡಿಗೆಯನ್ನು ಆ ನಷ್ಟದ ಎದುರು ಬರೆದು ನೋಡಿರುವುದಿಲ್ಲ. ಹಿಂಡಿಯ ಖರ್ಚು ಪುಸ್ತಕದಲ್ಲಿರುತ್ತದೆ, ಹಾಲಿನ ಆದಾಯ ಪುಸ್ತಕದಲ್ಲಿರುತ್ತದೆ, ಸಗಣಿಯ ಬೆಲೆ ಎಲ್ಲಿಯೂ ಇರುವುದಿಲ್ಲ. ಸ್ವರ್ಣವಲ್ಲಿ ಸೀಮೆಯಲ್ಲಿ ಹೈನುಗಾರಿಕೆಯ ಶಿಕ್ಷಣವೆಂಬುದು ಆರಂಭವಾಗಬೇಕಾದದ್ದು ಈ ಖಾಲಿ ಬಿಟ್ಟ ಸಾಲಿನಿಂದ. ಹಾಲನ್ನಷ್ಟೇ ಲೆಕ್ಕ ಹಿಡಿದರೆ ಮಲೆನಾಡಿನ ಹಸು ಬಯಲಿನ ಹಸುವಿನೆದುರು ಸೋಲುತ್ತದೆ. ಗೊಬ್ಬರವನ್ನೂ ಸೇರಿಸಿದರೆ ಆಕೆ ಮನೆಯಲ್ಲಿ ಉಳಿಯುವ ಸಂಭವವುಂಟು.

ಹಾಲು ಅಮೃತಸಮಾನ, ಗೋವು ಕಾಮಧೇನು ಎಂಬ ಭಾಷಣಗಳಿಗೂ ಆ ವಿಷಯದ ಪ್ರಬಂಧ ಸ್ಪರ್ಧೆಗಳಿಗೂ ನಮ್ಮ ಶಾಲೆಗಳಲ್ಲಿ ಬರವಿಲ್ಲ. ಆದರೆ ಬಹುಮಾನ ಪಡೆದ ವಿದ್ಯಾರ್ಥಿಗೆ ಡೇರಿಯಲ್ಲಿ ತಾಯಿಯ ಕೈಗೆ ಕೊಡುವ ಚೀಟಿಯನ್ನು ಓದಲು ಬರುತ್ತದೆಯೇ? ಆ ಚೀಟಿಯಲ್ಲಿ ಹಾಲಿನ ಅಳತೆಯೊಡನೆ ಜಿಡ್ಡಿನ ಅಂಶ ಮತ್ತು ಜಿಡ್ಡೇತರ ಘನಾಂಶಗಳು ನಮೂದಾಗಿರುತ್ತವೆ. ಹಣ ನಿರ್ಧಾರವಾಗುವುದು ಅವುಗಳ ಮೇಲೆ. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಜಿಡ್ಡು ಹೆಚ್ಚು, ಏಕೆಂದರೆ ಎರಡು ಕರೆಯುವಿಕೆಗಳ ನಡುವಣ ಹಗಲಿನ ಅವಧಿ ಕಿರಿದು. ಕರೆಯುವಾಗ ಕೊನೆಗೆ ಬರುವ ಹಾಲಿನಲ್ಲಿ ಜಿಡ್ಡು ಅತಿ ಹೆಚ್ಚು. ಅವಸರದಲ್ಲಿ ಅದನ್ನು ಕೆಚ್ಚಲಿನಲ್ಲಿಯೇ ಬಿಟ್ಟರೆ ಹಣವೂ ಹೋಯಿತು, ಕೆಚ್ಚಲು ಬಾವಿಗೂ ದಾರಿಯಾಯಿತು. ಇಷ್ಟು ತಿಳಿಯದ ಕಡೆ ಬೆಳಗಿನ ಚೀಟಿಯಲ್ಲಿ ಜಿಡ್ಡು ಇಳಿದಾಗ ಸಂಘದ ಕಾರ್ಯದರ್ಶಿಯ ಮೇಲೆ ಸಂಶಯ ಹುಟ್ಟುತ್ತದೆ. ಸಂಶಯದಿಂದ ಜಗಳ, ಜಗಳದಿಂದ ಹಾಲು ಹಾಕುವುದು ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬಾತ 1891ರಲ್ಲಿ ಬಳಕೆಗೆ ತಂದ ಪರೀಕ್ಷೆಗೆ ಬೇಕಾದದ್ದು 10.75 ಮಿಲಿಲೀಟರು ಹಾಲು, 10 ಮಿಲಿಲೀಟರು ಗಂಧಕಾಮ್ಲ, 1 ಮಿಲಿಲೀಟರು ಅಮೈಲ್ ಆಲ್ಕೊಹಾಲು ಮತ್ತು ತಿರುಗಿಸುವ ಒಂದು ಯಂತ್ರ. ಈಗ ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರಗಳು ಬಂದಿವೆ. ಆದರೂ ಪ್ರೌಢಶಾಲೆಯ ರಸಾಯನ ಪ್ರಯೋಗಾಲಯದಲ್ಲಿ, ಶಿಕ್ಷಕರ ನಿಗಾದಲ್ಲಿ, ಮನೆಯಿಂದ ತಂದ ಹಾಲಿನ ಜಿಡ್ಡು ಮೇಲೇರಿ ನಿಲ್ಲುವುದನ್ನು ಕಣ್ಣಾರೆ ಕಂಡ ಹುಡುಗಿಯು ಯಂತ್ರದ ಅಂಕಿಯನ್ನು ನಂಬಲೂ ಬಲ್ಲಳು, ಬೇಕಾದಾಗ ಪ್ರಶ್ನಿಸಲೂ ಬಲ್ಲಳು.

ಶಾಲೆ ಮತ್ತು ಹಾಲಿನ ಸಂಬಂಧ ಎಂದೊಡನೆ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ನೆನಪಾಗುತ್ತದೆ. 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರು ಹಾಲು ಮಕ್ಕಳಿಗೆ ದೊರೆಯಿತು. ಕೊಟ್ಟಿಗೆಯ ಪಕ್ಕದ ಶಾಲೆಯಲ್ಲಿ ಪುಡಿಯ ಹಾಲು ಕಾಯಿಸುವುದು ವಿಪರೀತವೆಂದು ಹಾಸ್ಯ ಮಾಡಿದವರುಂಟು. ಆ ಹಾಸ್ಯ ಅರ್ಧ ಮಾತ್ರ ಸರಿ. ಪುಡಿ ಕೆಡುವುದಿಲ್ಲ, ಮಳೆಗಾಲದ ಮುರಿದ ರಸ್ತೆಯಲ್ಲಿಯೂ ತಲುಪುತ್ತದೆ, ಎಲ್ಲ ಮಕ್ಕಳಿಗೂ ಒಂದೇ ಗುಣಮಟ್ಟದ್ದು. ಆದರೆ ಮಠಗಳ ಆಶ್ರಯದಲ್ಲಿ ನಡೆಯುವ ಪ್ರಸಾದ ನಿಲಯಗಳಿಗೆ ಈ ನಿರ್ಬಂಧವಿಲ್ಲ. ನಿತ್ಯ ನೂರಾರು ಮಕ್ಕಳಿಗೆ ಮಜ್ಜಿಗೆ ಬಡಿಸುವ ನಿಲಯವು ಸುತ್ತಣ ಮನೆಗಳಿಂದ ವರ್ಷವಿಡೀ ಹಾಲನ್ನು ಜಿಡ್ಡಿನ ಲೆಕ್ಕದಲ್ಲಿ ಕೊಳ್ಳುವುದಾಗಿ ಮಾತು ಕೊಟ್ಟರೆ, ಆ ಮಾತು ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಬೋಧನೆ ಮಾಡೀತು.

ಮೇವಿನ ವಿಚಾರದಲ್ಲಿ ಈ ಸೀಮೆಗೆ ಒಂದು ಸಂಪತ್ತಿದೆ, ಅದು ತೋಟದಲ್ಲಿಯೇ ಉದುರುತ್ತದೆ. ಅಡಿಕೆಯ ಹಾಳೆಯನ್ನು ಚೂರು ಮಾಡಿ ದನಗಳಿಗೆ ಹಾಕುವ ಪದ್ಧತಿ ಕೆಲವು ಮನೆಗಳಲ್ಲಿ ಇದೆ. ಭತ್ತದ ಹುಲ್ಲಿಗೆ ಹೋಲಿಸಬಹುದಾದ ಒಣಮೇವು ಅದು. ಗದ್ದೆಗಳು ತೋಟಗಳಾಗಿ ಮಾರ್ಪಟ್ಟು ಹುಲ್ಲಿನ ಬಣವೆಗಳು ಕರಗಿದ ಈ ಕಾಲದಲ್ಲಿ ಹಾಳೆ ಕತ್ತರಿಸುವ ಯಂತ್ರವೊಂದು ಊರಿಗೊಂದಾದರೂ ಇರತಕ್ಕದ್ದು. ಕೊಳೆರೋಗಕ್ಕೆ ಸಿಂಪಡಿಸಿದ ಬೋರ್ಡೋ ದ್ರಾವಣದ ಮೈಲುತುತ್ತ ಮೆತ್ತಿದ ಹಾಳೆಯನ್ನು ಮಾತ್ರ ದೂರವಿಡಬೇಕು.

ಕಟ್ಟಿ ಮೇಯಿಸುವ ಮಾತಿಗೆ ಇನ್ನೊಂದು ಕಾರಣವಿದೆ. ಅದು ಹಣಕ್ಕಿಂತ ದೊಡ್ಡದು. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರದ ಹಳ್ಳಿಗಳನ್ನು ಮತ್ತೆ ಮತ್ತೆ ಕಾಡಿದೆ; 2024ರಲ್ಲಿಯೂ ಕಾಡಿತು. ರೋಗವನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ದನಕ್ಕೆ ಈ ರೋಗ ಬಾಧಿಸದಿದ್ದರೂ ಬೆಳೆದ ಉಣುಗುಗಳು ರಕ್ತ ಹೀರಿ ಸಂತಾನ ಹೆಚ್ಚಿಸಿಕೊಳ್ಳಲು ಕಾಡಿನಲ್ಲಿ ಮೇಯುವ ದನವೇ ಆಸರೆ. ಬೇಸಗೆಯ ತಿಂಗಳುಗಳಲ್ಲಿ ದರಕು ತರಲು ಹೋದವರು, ದನ ಅರಸಿ ಹೋದವರು ಜ್ವರ ಹೊತ್ತು ಮರಳಿದ ಮನೆಗಳು ಈ ಸೀಮೆಯಲ್ಲಿವೆ. ಹಿಂದಿನವರು ಪೂಜಿಸಿ ಕಾಪಾಡಿದ ಬೆಟ್ಟ-ಕೊಟ್ಟಿಗೆಯ ಸರಪಣಿಯಲ್ಲಿ ಈ ಅಪಾಯವೂ ಸೇರಿಕೊಂಡಿದೆ ಎಂಬುದನ್ನು ಮರೆಮಾಚಿ ಹೈನಿನ ಪಾಠ ಹೇಳುವುದು ಅಪ್ರಾಮಾಣಿಕ. ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚಿಕೊಳ್ಳಬೇಕಾದ ಲೇಪನ, ಮರಳಿದ ಮೇಲೆ ಬಿಸಿನೀರ ಸ್ನಾನ, ದನದ ಮೈಯ ಉಣುಗು ನಿವಾರಣೆ ಇವು ಹಾಲಿನ ಅಧ್ಯಾಯದಲ್ಲಿಯೇ ಬರಬೇಕಾದ ವಿಷಯಗಳು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕಿಸುವ ಕಂದುರೋಗದ ಲಸಿಕೆಯೂ ಹಾಗೆಯೇ. ಕಾಯಿಸದ ಹಾಲಿನ ಮೂಲಕ ಆ ರೋಗ ಮನುಷ್ಯನಿಗೂ ಬರುತ್ತದೆ.

ತಳಿಯ ಬಗೆಗಿನ ವಾದವಿವಾದದಲ್ಲಿ ಎರಡು ಪಕ್ಷಗಳೂ ಅತಿಗೆ ಹೋಗಿವೆ. ಮಿಶ್ರತಳಿಯೇ ಸರ್ವಸ್ವವೆಂದವರು ಘಟ್ಟದ ಮಳೆಯನ್ನೂ ಮೇವಿನ ಕೊರತೆಯನ್ನೂ ಮರೆತರು. ಗಿಡ್ಡದ ಹಾಲು ಸಕಲ ರೋಗ ನಿವಾರಕವೆಂದು ಸಾರುವವರು ಸಾಬೀತಾಗದ್ದನ್ನು ಸತ್ಯವೆಂದು ಮಾರುತ್ತಿದ್ದಾರೆ. ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಕೇಂದ್ರದ ಮಾನ್ಯತೆ ಪಡೆದ ತಳಿ ಗಿಡ್ಡ. ಅದರ ಗಟ್ಟಿತನವೇ ಅದಕ್ಕೆ ಸಾಕಾದಷ್ಟು ಗೌರವ. ಇಬ್ಬರು ವೃದ್ಧರ ಮನೆಗೆ ಒಂದು ಗಿಡ್ಡ, ದುಡಿಯುವ ಕೈಗಳೂ ಹಸಿರುಮೇವೂ ಇರುವ ಮನೆಗೆ ಎರಡು ಮಿಶ್ರತಳಿ: ನಿರ್ಧಾರ ಮನೆಮನೆಯದು.

ಮಠಗಳ ವಿದ್ಯಾಸಂಸ್ಥೆಗಳಿಗೆ ದಾನಿಗಳು ಕಟ್ಟಡ ಕೊಟ್ಟಿದ್ದಾರೆ, ಸಭಾಭವನ ಕೊಟ್ಟಿದ್ದಾರೆ. ಹೆಸರು ಕೆತ್ತಲು ಅಲ್ಲಿ ಶಿಲಾಫಲಕಕ್ಕೆ ಸ್ಥಳವಿರುತ್ತದೆ. ನಾಲ್ಕು ಕಣಿವೆಗಳ ನಡುವೆ ಇಡಬಹುದಾದ ಹಾಲು ತಂಪುಗೊಳಿಸುವ ತೊಟ್ಟಿಯ ಮೇಲೆ ಅಂಥ ಸ್ಥಳ ಕಡಿಮೆ, ಆದರೂ ಸ್ಟೀಲಿನ ಮೇಲೆ ಅಕ್ಷರ ಕೂರಿಸುವವರು ಶಿರಸಿ ಪೇಟೆಯಲ್ಲಿ ಇದ್ದಾರೆ. ಪಶುವೈದ್ಯರಾಗಿ, ಬ್ಯಾಂಕು ನೌಕರರಾಗಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ವರ್ಷದಲ್ಲಿ ಎರಡು ದಿನ ಊರಿಗೆ ಬಂದು ಕೊಟ್ಟಿಗೆಯ ಲೆಕ್ಕದ ಪುಸ್ತಕವನ್ನು ಮನೆಯವರೊಡನೆ ಕುಳಿತು ಬರೆದುಕೊಟ್ಟರೆ ಅದು ದೇಣಿಗೆಗೆ ಸಮ.

ಇಂಥ ತರಗತಿಗಳ ಹೊತ್ತನ್ನು ಕುರಿತು ಒಂದು ಮಾತು ಉಳಿದಿದೆ. ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ, ಮಳೆ ಹಿಡಿಯುವ ಮುನ್ನ ಸಿಕ್ಕುವ ಚೈತ್ರ ವೈಶಾಖಗಳ ಬಿಡುವೇ ಇದಕ್ಕೆ ಸರಿಯಾದ ಕಾಲ. ಸ್ವರ್ಣವಲ್ಲೀ ಮಠದಲ್ಲಿ ನರಸಿಂಹ ಜಯಂತಿಯ ಸಂದರ್ಭಕ್ಕೆ ಕೃಷಿ ಜಯಂತಿ ಆಚರಿಸುವುದರಲ್ಲಿ ಈ ಅನುಕೂಲವೂ ಅಡಗಿದೆ. ಆದರೆ ಸಭೆಗಳು ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೆ ಕರೆಯಲ್ಪಡುತ್ತವೆ. ಅದು ಹಾಲು ಕರೆಯುವ ಹೊತ್ತು. ಕರೆಯುವ ಕೈಗಳು ಹೆಣ್ಣುಮಕ್ಕಳವು, ಸಂಘದ ಸದಸ್ಯತ್ವ ಬಹುಪಾಲು ಗಂಡಸರ ಹೆಸರಿನಲ್ಲಿ. ಹಾಗಾಗಿ ಸಭೆಗೆ ಗಂಡಸರು ಬರುತ್ತಾರೆ, ಕೇಳಿದ್ದನ್ನು ಮನೆಗೆ ಮುಟ್ಟಿಸುವುದನ್ನು ಮರೆಯುತ್ತಾರೆ. ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಎರಡರ ನಡುವೆ, ಶಾಲೆಯ ಜಗುಲಿಯಲ್ಲಿ, ಊಟದ ವ್ಯವಸ್ಥೆಯೊಡನೆ ಕರೆದರೆ ಕೆಚ್ಚಲನ್ನು ನಿತ್ಯ ಮುಟ್ಟುವವರು ಬರಬಲ್ಲರು.