ತರಗೆಲೆ ಯಾರ ಕಸ?

ಮುಂಗಾರಿನ ಮೊದಲ ಮಳೆಗೆ ನೆಲ ನೆನೆದೊಡನೆ ಸೊಪ್ಪಿನ ಬೆಟ್ಟದಲ್ಲಿ ಸದ್ದಿಲ್ಲದ ಕೆಲಸವೊಂದು ಆರಂಭವಾಗುತ್ತದೆ. ಬೇಸಿಗೆಯಲ್ಲಿ ಉದುರಿದ ತರಗೆಲೆಯ ಅಡಿಯಲ್ಲಿ ಶಿಲೀಂಧ್ರಗಳ ಬಿಳಿಯ ಎಳೆಗಳು ಹಬ್ಬುತ್ತವೆ. ತಾವು ಸ್ರವಿಸುವ ಕಿಣ್ವಗಳಿಂದ ಎಲೆಯ ನಾರನ್ನು ಕರಗಿಸಿ, ಮರವು ಮಣ್ಣಿನಿಂದ ಪಡೆದುದನ್ನು ಮಣ್ಣಿಗೇ ಮರಳಿಸುತ್ತವೆ. ಇದೇ ಕೆಲಸವನ್ನು ಉಕ್ಕಿನ ತೊಟ್ಟಿಯೊಳಗೆ ಎರಡು ಮೂರು ದಿನಗಳಲ್ಲಿ ಮುಗಿಸಬೇಕೆಂಬುದು ಕೈಗಾರಿಕಾ ಕಿಣ್ವ ಸಂಶೋಧನೆಯ ಗುರಿ. ಗುರಿಯಲ್ಲಿ ದೋಷವಿಲ್ಲ. ದೋಷವಿರುವುದು ಆ ಸಂಶೋಧನೆ ಪ್ರಶ್ನಿಸದೆ ಒಪ್ಪಿಕೊಂಡಿರುವ ಒಂದು ಪದದಲ್ಲಿ: ತ್ಯಾಜ್ಯ.

ಈ ವಿಜ್ಞಾನದ ಕಥೆ ಆರಂಭವಾದದ್ದು ಯುದ್ಧದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳು ಕೊಳೆಯತೊಡಗಿದವು. ಅಲ್ಲಿ ದೊರೆತ ಶಿಲೀಂಧ್ರವನ್ನು ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಮೊದಲಾದವರು ಸೈನ್ಯದ ಪ್ರಯೋಗಾಲಯದಲ್ಲಿ ಬಹುಕಾಲ ಅಭ್ಯಸಿಸಿದರು. ರೀಸ್ ಅವರ ಗೌರವಾರ್ಥ ಅದಕ್ಕೆ ಟ್ರೈಕೋಡರ್ಮಾ ರೀಸೈ ಎಂಬ ಹೆಸರಾಯಿತು. ಕೊಳೆಯುವುದನ್ನು ತಡೆಯಲು ಹೊರಟ ಸಂಶೋಧನೆ, 1973ರ ತೈಲ ಬಿಕ್ಕಟ್ಟಿನ ನಂತರ ಕೊಳೆಸುವುದನ್ನೇ ಉದ್ಯಮವಾಗಿಸುವತ್ತ ತಿರುಗಿತು. ಒಂದು ಕಿಣ್ವ ಸೆಲ್ಯುಲೋಸಿನ ಸರಪಳಿಯನ್ನು ನಡುವೆ ಕತ್ತರಿಸುತ್ತದೆ. ಇನ್ನೊಂದು ತುದಿಯಿಂದ ಸಕ್ಕರೆಯನ್ನು ಜೋಡಿ ಜೋಡಿಯಾಗಿ ಬಿಡಿಸುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆದು ಗ್ಲೂಕೋಸ್ ಮಾಡುತ್ತದೆ. ಅದನ್ನು ಹುದುಗಿಸಿದರೆ ಎಥೆನಾಲ್.

ಭರವಸೆಗಳಿಗೆ ಕೊರತೆಯಿರಲಿಲ್ಲ. 2022ರ ಹೊತ್ತಿಗೆ ವರ್ಷಕ್ಕೆ 1,600 ಕೋಟಿ ಗ್ಯಾಲನ್ ನಾರಿನ ಇಂಧನ ಬಳಕೆಗೆ ಬರಬೇಕೆಂದು ಅಮೆರಿಕ 2007ರಲ್ಲಿ ಕಾನೂನನ್ನೇ ಮಾಡಿತು. ಆ ಗುರಿಯ ಹತ್ತಿರಕ್ಕೂ ಹೋಗಲಾಗಲಿಲ್ಲ. ಮೆಕ್ಕೆಜೋಳದ ದಂಟಿನಿಂದ ಎಥೆನಾಲ್ ಮಾಡಲು ಡುಪಾಂಟ್ ಕಂಪನಿ ಅಯೋವಾದಲ್ಲಿ 2015ರಲ್ಲಿ ತೆರೆದ ಕಾರ್ಖಾನೆಯನ್ನು 2017ರಲ್ಲೇ ಕೈಬಿಟ್ಟಿತು. ರೊಮೇನಿಯಾದ ಪೊದಾರಿಯ ಗೋಧಿಹುಲ್ಲಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಡಿಸೆಂಬರಿನಲ್ಲಿ ಹೊರಬಿತ್ತು. ನಾರನ್ನು ಬಿಗಿದಿಟ್ಟುಕೊಂಡ ಲಿಗ್ನಿನ್, ಕಿಣ್ವದ ಬೆಲೆ, ಹಗುರವಾದ ಹುಲ್ಲನ್ನು ದೂರದಿಂದ ಸಾಗಿಸುವ ವೆಚ್ಚ ಇವೆಲ್ಲ ಈ ಉದ್ಯಮದ ಕಾಲಿಗೆ ತೊಡರುತ್ತಲೇ ಇವೆ. ಕೂಡದ ಲೆಕ್ಕವನ್ನು ಕೂಡಿಸುವ ಸುಲಭದ ದಾರಿಯೆಂದರೆ ಕಚ್ಚಾವಸ್ತುವನ್ನು ಅಗ್ಗವಾಗಿಸುವುದು. ಅಗ್ಗವಾಗಿಸುವ ಸುಲಭದ ಉಪಾಯವೆಂದರೆ ಅದನ್ನು ತ್ಯಾಜ್ಯವೆಂದು ಕರೆಯುವುದು.

ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಲೋಕಾರ್ಪಣೆಯಾದ ಇಂಡಿಯನ್ ಆಯಿಲ್ ಘಟಕವು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯಲೆಂದು ರೂಪುಗೊಂಡಿತು. ಗದ್ದೆಯಲ್ಲೇ ಹುಲ್ಲು ಸುಡುವ ಸೀಮೆಯಲ್ಲಿ ಆ ವಾದಕ್ಕೆ ಅರ್ಥವಿದೆ. ಮಲೆನಾಡಿನಲ್ಲಿ ಹುಲ್ಲು ದನದ ಬಾಯಿಗೆ ಹೋಗುತ್ತದೆ. ದರಕು ಕೊಟ್ಟಿಗೆಯ ಹಾಸಾಗಿ, ಗೊಬ್ಬರಗುಂಡಿಯನ್ನು ಹಾದು ತೋಟಕ್ಕೆ ಇಳಿಯುತ್ತದೆ. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟದ್ದು ಈ ಕಾರಣಕ್ಕಾಗಿಯೇ. ಈ ಸುತ್ತಿನಲ್ಲಿ ತ್ಯಾಜ್ಯವೆಂಬುದು ಎಲ್ಲಿದೆ?

ನಾರಿನ ಹಸಿವು ಕರ್ನಾಟಕಕ್ಕೆ ಹೊಸದಲ್ಲ. 1984ರಲ್ಲಿ ರಾಜ್ಯ ಸರ್ಕಾರ ಹರಿಹರದ ಕಾರ್ಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಮುದಾಯ ಭೂಮಿಯನ್ನು ನೀಲಗಿರಿಗೆ ಒಪ್ಪಿಸಹೊರಟಿತು. ಹಳ್ಳಿಯ ದನ ಮೇಯುವ, ಸೌದೆ ಸಿಗುವ ನೆಲ ಅಂದೂ ಪಾಳುನೆಲವೆನಿಸಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಅದೇ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ. 1991ರಲ್ಲಿ ಕಂಪನಿ ಮುಚ್ಚಿತು. ಹೆಸರಿಡುವ ಅಧಿಕಾರವನ್ನು ಕಡತದಿಂದ ಕಸಿದು ಊರಿಗೆ ತಂದ ಹೋರಾಟವದು.

ಇದರರ್ಥ ಕಿಣ್ವದ ಸಂಶೋಧನೆ ನಿಲ್ಲಬೇಕೆಂದಲ್ಲ. ಮಲೆನಾಡಿನ ರಸ್ತೆಬದಿಯಲ್ಲಿ ರಾಶಿಬಿದ್ದು ಹೊಗೆಯಾಡುವ ಅಡಿಕೆ ಸಿಪ್ಪೆ ನಿಜವಾದ ಸಮಸ್ಯೆ. ಅದನ್ನು ಬೇಗ ಗೊಬ್ಬರವಾಗಿಸುವ ಶಿಲೀಂಧ್ರವನ್ನು ಹುಡುಕುವ ವಿದ್ಯಾರ್ಥಿಯ ಶ್ರಮದ ಫಲ ತೋಟಕ್ಕೇ ಮರಳುತ್ತದೆ. ಆದರೆ ಬೆಟ್ಟದ ಮಣ್ಣಿನ ಮಾದರಿ ದೂರದ ಕಂಪನಿಯ ಪೇಟೆಂಟಾಗಿ ಬದಲಾದರೆ ಊರಿಗೆ ಉಳಿಯುವುದೇನು? ಕೆನ್ಯಾದ ಬೊಗೋರಿಯಾ ಸರೋವರದಿಂದ ಒಯ್ದ ಸೂಕ್ಷ್ಮಜೀವಿಗಳ ಕಿಣ್ವದಿಂದ ಕಂಪನಿಯೊಂದು ಲಾಭ ಪಡೆದಿದೆ, ತನಗೆ ಪಾಲು ಬಂದಿಲ್ಲ ಎಂದು ಅಲ್ಲಿನ ವನ್ಯಜೀವಿ ಸಂಸ್ಥೆ 2004ರಲ್ಲಿ ದೂರಿತ್ತು.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಕಾಗದದ ಮೇಲಷ್ಟೇ ಇದ್ದರೆ ಸಾಲದು. ಮಾದರಿ ಒಯ್ಯುವವರು ಯಾರು, ಲಾಭದಲ್ಲಿ ಊರಿನ ಪಾಲೆಷ್ಟು, ಒಯ್ದ ಎಲೆ-ಹುಲ್ಲಿಗೆ ಬದಲಾಗಿ ಮಣ್ಣಿಗೆ ಮರಳುವುದೇನು ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆ ಮೊದಲೇ ಕೇಳಬೇಕು. ಉತ್ತರ ದೊರೆಯುವವರೆಗೆ ಬೆಟ್ಟದ ಒಂದು ಹೊರೆ ದರಕೂ ಲಾರಿ ಹತ್ತಬಾರದು.