ನಕ್ಷತ್ರ ಇಳಿಸಿದ ಮೇಲೆ ಗೋಡೆಗೆ ಏನು?

ಕ್ರಿಸ್‌ಮಸ್ಸಿಗೆಂದು ಕಟ್ಟಿದ ಕಾಗದದ ನಕ್ಷತ್ರಗಳು ಆಂಡರ್ಸನ್‌ಪೇಟೆಯ ಬಾಗಿಲುಗಳಿಂದ ಒಂದೊಂದಾಗಿ ಇಳಿಯುತ್ತಿವೆ. ಜನವರಿ 6ರ ಮೂರು ರಾಜರ ಹಬ್ಬ ಕಳೆದರೆ ಉಳಿದವೂ ಇಳಿಯುತ್ತವೆ. ಅಲ್ಲಿಂದ ಭೋಗಿಗೆ ಒಂದು ವಾರ. ಈ ಒಂದು ವಾರದ ಬರಿಗೋಡೆಯ ಮೇಲೆ ಈಗ ದೊಡ್ಡ ವ್ಯಾಪಾರಿಗಳ ಕಣ್ಣು ಬಿದ್ದಿದೆ.

ಮೊಬೈಲು ತೆರೆದರೆ ಸಾಕು. ಹಬ್ಬ ಮುಗಿಯಿತು, ಮನೆ ಬೋಳಾಗಿ ಕಾಣುತ್ತಿದೆಯಲ್ಲವೆ, ಚಳಿಗಾಲಕ್ಕೆಂದು ಬೇರೆಯೇ ಶೃಂಗಾರ ಮಾಡಿಕೊಳ್ಳಿ ಎಂಬ ಧಾಟಿಯ ಜಾಹೀರಾತುಗಳು ಬೇಡವೆಂದರೂ ಬಂದು ಕೂರುತ್ತವೆ. ಪ್ಲಾಸ್ಟಿಕ್ಕಿನ ಪೈನ್ ಕೊಂಬೆ, ಹತ್ತಿಯ ಹಿಮ, ಉಣ್ಣೆಯಂತೆ ಕಾಣುವ ಪಾಲಿಯೆಸ್ಟರ್ ಹೊದಿಕೆ, ಪರಿಮಳದ ಮೇಣದಬತ್ತಿ, ಗೋಡೆಗೆ ಅಂಟಿಸುವ ಇಟ್ಟಿಗೆಯ ಚಿತ್ರ. ಕೈಯಲ್ಲಿ ಹಣವಿಲ್ಲವೆ? ಕಂತಿನಲ್ಲಿ ಕೊಡಿ. ಹಬ್ಬದ ಬಟ್ಟೆಯ ಸಾಲವೇ ತೀರದ ಮನೆಗೆ ಇನ್ನೊಂದು ಕಂತು! 1930ರಲ್ಲಿ ಬೆರಳಚ್ಚು ಕೊಡೆವೆಂದು ಹಠ ಹಿಡಿದು ಗಣಿ ಕಾರ್ಮಿಕರು ಮುಷ್ಕರ ಹೂಡಿದ ಊರು ಇದು. ಅವರ ಮೊಮ್ಮಕ್ಕಳು ಇಂದು ಹತ್ತಿಯ ಹಿಮಕ್ಕಾಗಿ ಮೊಬೈಲಿನ ಮೇಲೆ ತಾವಾಗಿಯೇ ಹೆಬ್ಬೆರಳು ಒತ್ತುತ್ತಿದ್ದಾರೆ.

ಈ ಪದ್ಧತಿ ಹುಟ್ಟಿದ ದೇಶಗಳಲ್ಲಿ ಅದಕ್ಕೊಂದು ಅರ್ಥವಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಡಿಸೆಂಬರಿನ ಕೊನೆಯಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಗೂ ಕಡಿಮೆ. ಸಂಜೆ ನಾಲ್ಕಕ್ಕೆ ಕತ್ತಲು. ಇನ್ನೂ ಉತ್ತರಕ್ಕೆ ಹೋದರೆ ತಿಂಗಳುಗಟ್ಟಲೆ ಹಿಮ. ಕ್ರಿಸ್‌ಮಸ್ ಮರ ತೆಗೆದ ಮೇಲೆ ಅಲ್ಲಿಯ ಜನ ಇನ್ನೆರಡು ಮೂರು ತಿಂಗಳು ಮನೆಯೊಳಗೇ ಕೂರಬೇಕು. ದೀಪ, ಕಂಬಳಿ, ಹಸಿರು ಕೊಂಬೆಗಳಿಂದ ಆ ಕತ್ತಲನ್ನು ಕಳೆಯುವುದು ಅವರ ಬದುಕಿನ ಅವಶ್ಯಕತೆ. ನಮಗೆ ಅದೇಕೆ ಬೇಕು? ಕೋಲಾರ ಸೀಮೆಯಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗೆ ಮೇಲ್ಪಟ್ಟದ್ದು. ನಮ್ಮ ಜನವರಿ ಕತ್ತಲಿನ ತಿಂಗಳಲ್ಲ, ರಾಗಿ ಕಣಕ್ಕೆ ಬಂದು ಅವರೆಕಾಯಿ ಪೇಟೆ ತುಂಬುವ ತಿಂಗಳು.

ಹಾಗೆಂದು ನಮಗೆ ಚಳಿಯೇ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಸುಮಾರು 2,800 ಅಡಿ ಎತ್ತರದ ಊರು ನಮ್ಮದು. ಧನುರ್ಮಾಸದ ಬೆಳಗಿನ ಜಾವ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಂಗಳೂರಿನ ರೈಲಿಗೆ ಕಾದು ನಿಲ್ಲುವ ಕೂಲಿಗಾರರನ್ನು, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಈ ಚಳಿಯ ಸಮಾಚಾರ ತಿಳಿದೀತು. ತಗಡಿನ ಸೂರಿನ ಕೆಳಗೆ ಮಲಗುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ರಾತ್ರಿ ತಗಡು ತಣ್ಣಗಾಗುತ್ತದೆ, ಮನೆಯವರ ಉಸಿರಿನ ತೇವವೇ ಅದಕ್ಕೆ ತಗುಲಿ ಹನಿಯಾಗಿ, ಬೆಳಗಿನ ಜಾವ ಮಕ್ಕಳ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮಾತು ತಮಿಳಾಗಲಿ ತೆಲುಗಾಗಲಿ ಉರ್ದುವಾಗಲಿ ಕನ್ನಡವಾಗಲಿ, ಆ ಹನಿ ಎಲ್ಲರಿಗೂ ಒಂದೇ ಸಮ. ಈ ಮನೆಗೆ ಚಳಿಗಾಲದ ಶೃಂಗಾರವೆಂದರೆ ತಗಡಿನ ಕೆಳಗೆ ಒಂದು ಚಾಪೆಯ ಮರೆ, ಬಾಗಿಲ ಸಂದಿಗೆ ಒಂದು ಗೋಣಿ, ಒಣಗಿದ ಗೋಡೆ. ಮಿಕ್ಕದ್ದೆಲ್ಲ ಆಮೇಲಿನ ಮಾತು.

ಪರಿಮಳದ ಮೇಣದಬತ್ತಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಕಾಗದದ ಅಲಂಕಾರ, ಪಾಲಿಯೆಸ್ಟರ್ ಪರದೆ ತುಂಬಿದ ಹತ್ತಡಿಯ ಕೋಣೆಯಲ್ಲಿ ಬತ್ತಿ ಹಚ್ಚಿಟ್ಟು ನಿದ್ದೆ ಹೋಗುವುದು ಬೆಂಕಿಯನ್ನು ಮನೆಗೆ ಕರೆದಂತೆ. ಅದಕ್ಕಿಂತ ಕೆಟ್ಟದ್ದು ಇದ್ದಿಲ ಕೆಂಡವನ್ನು ಬಾಣಲೆಯಲ್ಲಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗುವುದು. ಆ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಚಳಿ ಎಷ್ಟೇ ಇರಲಿ, ಕೆಂಡ ಹೊರಗಿರಲಿ.

ಈ ಊರಿನಲ್ಲಿ ಮನೆಯ ಶೃಂಗಾರ ಎಂಬುದಕ್ಕೆ ಒಂದು ಚರಿತ್ರೆಯಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿ ಎರಡು ಬಗೆಯ ಮನೆಗಳು ಎದ್ದವು. ಒಂದು ಕಡೆ ತೋಟದ ನಡುವಿನ ಬಂಗಲೆಗಳು. ಅವುಗಳ ದೆಸೆಯಿಂದಲೇ ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರು. ಇನ್ನೊಂದು ಕಡೆ ಬಿದಿರಿನ ತಟ್ಟಿಯ ಗೋಡೆಗಳ, ಸಾಲುಸಾಲಾದ ಕೂಲಿ ಲೈನುಗಳು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ವಿದ್ಯುತ್ತು ತಂದರು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಗಣಿಯ ಯಂತ್ರಗಳಿಗೆ ಮತ್ತು ಬಂಗಲೆಗಳಿಗೆ, ತಟ್ಟಿ ಮನೆಗಳಿಗಲ್ಲ. ಬಂಗಲೆಯ ತೋಟಕ್ಕೆ ನೀರು ಹೊತ್ತವರು, ಅದರ ಗೋಡೆಗೆ ಬಣ್ಣ ಬಳಿದವರು, ನೆಲ ಒರೆಸಿದವರು ಲೈನುಗಳ ಜನ. ದೊರೆಗಳು ಹಡಗು ಹತ್ತಿ ಹೋದರು. ಈಗ ಅದೇ ದಿವಾನಖಾನೆಯ ಅಗ್ಗದ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ, ಲೈನಿನ ಮನೆಗೇ ಕಂತಿನ ಮೇಲೆ ಮಾರುತ್ತಿದ್ದಾರೆ. ಇದನ್ನು ನೋಡಿ ನಗಬೇಕೋ ಸಿಟ್ಟಾಗಬೇಕೋ ನಮಗೆ ತಿಳಿಯುತ್ತಿಲ್ಲ.

ಬಡವನ ಮನೆ ಚೆಂದವಾಗಿರಬಾರದೆ, ಚೆಂದವೆಲ್ಲ ಉಳ್ಳವರ ಆಸ್ತಿಯೇ ಎಂದು ಕೆಲವು ಮಿತ್ರರು ನಮ್ಮನ್ನು ಕೇಳುತ್ತಾರೆ. ಖಂಡಿತ ಇರಬೇಕು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ. ಆದರೆ ಲೈನುಗಳ ಹೆಂಗಸರಿಗೆ ಚೆಂದವನ್ನು ಯಾವ ಕಂಪನಿಯೂ ಕಲಿಸಬೇಕಾಗಿಲ್ಲ. ಮಾರ್ಗಳಿಯ ಚಳಿಯಲ್ಲಿ ಇನ್ನೂ ಕತ್ತಲಿರುವಾಗಲೇ ಎದ್ದು, ಬಾಗಿಲ ಮುಂದೆ ನೀರು ಚಿಮುಕಿಸಿ, ಚುಕ್ಕಿಯಿಟ್ಟು ಕೋಲ ಬರೆದು, ನಡುವೆ ಸಗಣಿಯ ಉಂಡೆಗೆ ಒಂದು ಕುಂಬಳದ ಹೂ ಸಿಕ್ಕಿಸುವ ತಾಯಂದಿರು ನಮ್ಮವರು. ಗೋಡೆಗೆ ಸುಣ್ಣ, ಕೆಳಗೆ ಮೊಳದಷ್ಟು ಕೆಮ್ಮಣ್ಣಿನ ಪಟ್ಟಿ. ನಕ್ಷತ್ರ ಇಳಿಸಿದ ಮನೆಯಲ್ಲೂ ಪೊಂಗಲ್ ಮಡಕೆ ಏರುವ ಮನೆಯಲ್ಲೂ ಈ ತಿಂಗಳ ಸಿಂಗಾರ ಇದೇ. ಇದನ್ನು ಹಳೆಯ ಕಾಲದ್ದು, ಬಡತನದ್ದು ಎಂದು ಹೆಣ್ಣುಮಕ್ಕಳ ಮನಸ್ಸಿನಲ್ಲಿ ನಾಚಿಕೆ ಹುಟ್ಟಿಸಿದ ಮೇಲೇ ಆ ಪ್ಲಾಸ್ಟಿಕ್ ಕೊಂಬೆ ಮಾರಾಟವಾಗುವುದು.

ಸುಣ್ಣದ ಗುಣವನ್ನು ಮರೆತವರಿಗಾಗಿ ನಾಲ್ಕು ಮಾತು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ ಗೋಡೆಗೆ ಬಳಿದಾಗ, ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆದರೂ ಗೋಡೆಯ ತೇವವನ್ನು ತಡೆಯುವುದಿಲ್ಲ, ಹೊರಕ್ಕೆ ಬಿಡುತ್ತದೆ. ಮಣ್ಣಿನ ಗೋಡೆಗೆ, ಹಳೆಯ ಗಾರೆಯ ಗೋಡೆಗೆ ಬೇಕಾದದ್ದು ಇದೇ. ಅದೇ ಗೋಡೆಗೆ ಪ್ಲಾಸ್ಟಿಕ್ ಪೇಂಟು ಬಳಿದರೆ, ಅಂಟುವ ಕಾಗದ ಹಾಕಿದರೆ, ತೇವ ಒಳಗೇ ಸಿಕ್ಕಿಬೀಳುತ್ತದೆ. ಗೋಡೆ ಬೊಬ್ಬೆ ಏಳುತ್ತದೆ, ಬೂಸ್ಟು ಹಿಡಿಯುತ್ತದೆ. ಆ ಮನೆಯಲ್ಲಿ ಮೊದಲೇ ಧೂಳು ಕುಡಿದ ಎದೆಯ ಹಳೆಯ ಗಣಿ ಕಾರ್ಮಿಕನೊಬ್ಬ ಇದ್ದರೆ, ಕೆಮ್ಮಿಗೆ ಮತ್ತೊಂದು ಕಾರಣ ಸಿಕ್ಕಂತಾಯಿತು. ಸುಣ್ಣವನ್ನು ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಬೇಕು, ಪ್ಲಾಸ್ಟಿಕ್ ಬಕೆಟ್ಟು ಆ ಕಾವಿಗೆ ಕರಗೀತು. ಮಕ್ಕಳು ಹತ್ತಿರ ಬರಬಾರದು, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗಂಜಿ ಅಥವಾ ಗೋಂದು, ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ ಸೇರಿಸಿ. ದಪ್ಪನಾಗಿ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಮೇಲು. ಒಂದು ಭಾನುವಾರದ ಕೆಲಸ. ಅಣ್ಣತಮ್ಮಂದಿರು ಸೇರಿದರೆ ಎರಡು ಮನೆ ಮುಗಿಯುತ್ತದೆ.

ಅಂಗಡಿಯ ಬಂಧುಗಳಿಗೂ ನಮ್ಮದೊಂದು ಮಾತಿದೆ. ಸುಣ್ಣ, ಚಾಪೆ, ರಂಗೋಲಿ ಪುಡಿ, ಮಡಕೆ, ಕಾಗದದ ನಕ್ಷತ್ರ, ಇವೆಲ್ಲ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳ ಸಣ್ಣ ವ್ಯಾಪಾರದ ಬೆನ್ನೆಲುಬು. ಮೊಬೈಲಿನಲ್ಲಿ ಕೊಂಡ ಪ್ಲಾಸ್ಟಿಕ್ ಕೊಂಬೆಯ ಲಾಭ ಈ ಬೀದಿಗೆ ಒಂದು ಕಾಸೂ ಬಾರದು. 2001ರಲ್ಲಿ ಗಣಿಗೆ ಬೀಗ ಬಿದ್ದಾಗ ಕೆಲಸ ಹೋದ ಮನೆಗೆ ಉದ್ದರಿಯಲ್ಲಿ ಅಕ್ಕಿ ಅಳೆದವರು ಮೂಲೆ ಅಂಗಡಿಯವರೇ ಹೊರತು ದೂರದ ಗೋದಾಮುಗಳಲ್ಲ. ಕಾರ್ಮಿಕರು ಅದನ್ನು ನೆನೆಯಬೇಕು. ಹಾಗೆಯೇ ಅಂಗಡಿಯವರೂ ಗಿರಾಕಿಗೆ ದ್ರೋಹ ಬಗೆಯಬಾರದು. ಮನೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ಕಾನೂನು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹೆಸರು ವಿಳಾಸವಿಲ್ಲದ ಡಬ್ಬಿಯ ಬಣ್ಣವನ್ನು ಅಗ್ಗವೆಂದು ಮಾರಿದರೆ, ಆ ಸೀಸ ಹೋಗುವುದು ಗೋಡೆ ನೆಕ್ಕುವ ಕೂಸಿನ ಮಿದುಳಿಗೆ. ಹಳೆಯ ಬಣ್ಣ ಕೆರೆಯುವವರು ಒದ್ದೆ ಮಾಡಿಕೊಂಡೇ ಕೆರೆಯಲಿ.

ಇನ್ನು ಭೋಗಿಯ ಬೆಂಕಿ. ಹಳೆಯ ಚಾಪೆ, ಮುರಿದ ಮೊರ ಸುಡುವುದು ಸಂಪ್ರದಾಯ. ಹೋದ ವರ್ಷದ ಪ್ಲಾಸ್ಟಿಕ್ ಹಾರ, ಒಡೆದ ಟೈರು ಸುಡುವುದು ಸಂಪ್ರದಾಯವಲ್ಲ, ವಿಷದ ಹೊಗೆ. ಈ ಜನವರಿಯಲ್ಲಿ ಕೊಂಡ ಚಳಿಗಾಲದ ಶೃಂಗಾರ ಮುಂದಿನ ಭೋಗಿಗೆ ಅದೇ ಬೆಂಕಿಗೆ ಬೀಳುವುದೆಂದು ನಾವು ಬರೆದುಕೊಡಬಲ್ಲೆವು.

ಆದರೆ ಸುಣ್ಣ ಬಳಿದು ಕೈ ತೊಳೆದುಕೊಂಡರೆ ಮುಗಿಯಿತೆ? ಗೋಡೆ ಯಾರದು? 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, ಹೀಗೆ ಗಣಿಯ ಯಜಮಾನರು ಬದಲಾದರು. 2001ರ ಫೆಬ್ರವರಿ 28ಕ್ಕೆ ಗಣಿಯೇ ನಿಂತಿತು. ಲೈನಿನ ಮನೆಯ ಗೋಡೆಗೆ ವರ್ಷ ವರ್ಷ ಸುಣ್ಣ ಬಳಿದವರು ಮಾತ್ರ ಬದಲಾಗಲಿಲ್ಲ. ಅಜ್ಜ ಬಳಿದ, ಅಪ್ಪ ಬಳಿದ, ಮಗ ಬಳಿಯುತ್ತಿದ್ದಾನೆ. ಆ ಗೋಡೆಗಾಗಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು ಎಷ್ಟು ಜನ! ನಾಳೆ ಖಾಲಿ ಮಾಡೆಂದಾರೋ ಎಂಬ ಅಂಜಿಕೆಯಿರುವ ಮನೆಗೆ ಯಾರು ತಾನೆ ಸೂರು ಬದಲಿಸಿಯಾರು, ಗಟ್ಟಿ ಕಿಟಕಿ ಕೂರಿಸಿಯಾರು? ಪತ್ರವಿಲ್ಲದ ಮನೆಗೆ ಬ್ಯಾಂಕು ರಿಪೇರಿ ಸಾಲ ಕೊಡುವುದಿಲ್ಲ. ಪ್ಲಾಸ್ಟಿಕ್ ಕೊಂಬೆಗಾದರೆ ಪತ್ರ ಕೇಳದೆ ಸಾಲ ಸಿಗುತ್ತದೆ. ಈ ವ್ಯವಸ್ಥೆಯ ವಿವೇಕ ಎಂಥದು ನೋಡಿ.

ಇನ್ನು ಧೂಳು. ಹತ್ತಿಯ ಹಿಮ ಮಾರುವವರಿಗೆ ತಿಳಿಯದ ಒಂದು ಹಿಮ ನಮ್ಮಲ್ಲಿದೆ. ಸೈನೈಡ್ ಗುಡ್ಡಗಳ ಹಿಟ್ಟು. ನೂರಿಪ್ಪತ್ತು ವರ್ಷ ಕಲ್ಲು ಅರೆದು ಸುಮಾರು 800 ಟನ್ ಚಿನ್ನ ತೆಗೆದುಕೊಂಡು ಹೋದರು, ಅರೆದ ಕಲ್ಲಿನ ಪುಡಿಯನ್ನು ನಮ್ಮ ಪಾಲಿಗೆ ಬಿಟ್ಟರು. ಸಿನಿಮಾದವರಿಗೆ ಅದು ಚೆಂದದ ದೃಶ್ಯ. ಆದರೆ ಮಳೆ ನಿಂತು ಗುಡ್ಡ ಒಣಗಿದ ಮೇಲೆ ಬೀಸುವ ಗಾಳಿಗೆ ಆ ಬೂದು ಹಿಟ್ಟು ಎದ್ದು, ಪೊಂಗಲಿಗೆ ಬಳಿದ ಸುಣ್ಣದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ತಟ್ಟೆಯ ಮುದ್ದೆಯ ಮೇಲೆ ಕೂರುತ್ತದೆ. 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಸಾವಿರ ಎಕರೆಯಷ್ಟು ಹರಡಿರುವ 13 ಗುಡ್ಡಗಳನ್ನು ಮತ್ತೆ ಕೆದಕಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಚಿನ್ನ ಬಂದರೆ ಬರಲಿ, ಕೆಲಸ ಬಂದರೆ ಇನ್ನೂ ಸಂತೋಷ. ಆದರೆ ಗುಡ್ಡ ಕೆದಕುವ ಮುನ್ನ ನೀರು ಸಿಂಪಡಿಸುವವರು ಯಾರು, ಕೆದಕದೆ ಉಳಿದ ಇಳಿಜಾರಿಗೆ ಹುಲ್ಲು ಗಿಡ ಹಚ್ಚುವವರು ಯಾರು, ಧೂಳು ಅಳೆಯುವ ಯಂತ್ರ ಯಾವ ಲೈನಿನಲ್ಲಿ ಇಡುತ್ತಾರೆ, ಅದರ ಲೆಕ್ಕವನ್ನು ಯಾವ ಗೋಡೆಯ ಮೇಲೆ ಬರೆದು ತೋರಿಸುತ್ತಾರೆ? ಗಾಳಿ ಜೋರಾಗುವ ಮೊದಲೇ ನಗರಸಭೆಯ ಸದಸ್ಯರೂ ಶಾಸಕರೂ ಇದಕ್ಕೆ ಉತ್ತರ ಕೊಡಬೇಕು. ಪೊಂಗಲಿನ ಶುಭಾಶಯದ ಬ್ಯಾನರು ಕಟ್ಟಲು ಅವರು ಆಂಡರ್ಸನ್‌ಪೇಟೆಗೆ ಹೇಗೂ ಬರುತ್ತಾರೆ. ಅಂದೇ, ಬೀದಿಯಲ್ಲೇ ನಿಲ್ಲಿಸಿ ಕೇಳಿ.